ಭಜನೆಗೆ ಇಷ್ಟು ಸಾಕೆ?

ಸೋಮವಾರದ ರಾತ್ರಿ ಊಟ ತೀರಿದ ಬಳಿಕ ಗುಡಿಯ ಕಟ್ಟೆಯ ಮೇಲೆ ಜಮಖಾನೆ ಹಾಸಿ ಭಜನೆಗೆ ಕೂಡ್ರುವುದು ಬೀದರ ಜಿಲ್ಲೆಯ ಹಳ್ಳಿಗಳಲ್ಲಿ ತಲೆಮಾರುಗಳಿಂದ ನಡೆದುಬಂದ ಪದ್ಧತಿ. ಒಬ್ಬರ ಮುಂದೆ ಪೇಟಿ, ಇನ್ನೊಬ್ಬರ ಮುಂದೆ ತಬಲಾ ಡಗ್ಗಾ, ಉಳಿದವರ ಕೈಯಲ್ಲಿ ತಾಳ; ಕೆಲವೆಡೆ ಏಕತಾರಿಯೂ ದಮ್ಮಡಿಯೂ ಉಂಟು. ಮುಂದಿನವರು ಒಂದು ನುಡಿಯನ್ನು ಎತ್ತಿಕೊಟ್ಟರೆ ಹಿಂದಿನವರು ಅದನ್ನು ಹಿಡಿದು ಹಾಡುತ್ತಾರೆ. ಇವರಲ್ಲಿ ಒಕ್ಕಲುತನ ಮಾಡುವವರಿದ್ದಾರೆ, ಬಡಿಗತನದವರಿದ್ದಾರೆ, ಕಿರಾಣಿ ಅಂಗಡಿಯವರಿದ್ದಾರೆ, ಶಾಲೆಯ ಮಾಸ್ತರರಿದ್ದಾರೆ. ಸಂಗೀತವನ್ನೇ ಹೊಟ್ಟೆಪಾಡಾಗಿ ಮಾಡಿಕೊಂಡವರು ವಿರಳ. ದೊರೆಯುವ ಸಂಭಾವನೆಯೆಂದರೆ ನಡುರಾತ್ರಿಯ ಒಂದು ಬಟ್ಟಲು ಚಹಾ. ಹಾಡು ಮುಗಿದಾಗ ಯಾರಾದರೊಬ್ಬರು ‘ಸೂರು ಸ್ವಲ್ಪ ಸರಿದಿತ್ತು’ ಎಂದರೆ ಕೂಡಲೇ ಬರುವ ಉತ್ತರವೂ ತಲೆಮಾರುಗಳಿಂದ ಬಂದದ್ದೇ: ‘ಭಜನೆಗೆ ಇಷ್ಟು ಸಾಕು ಬಿಡ್ರಿ, ನಾವೇನು ಗವಾಯಿಗಳೇನು?’

ಈ ಉತ್ತರದಲ್ಲಿ ವಿನಯವೂ ಇದೆ, ಜಾಣತನವೂ ಇದೆ. ದಿನವಿಡೀ ಹೊಲದಲ್ಲಿ ದುಡಿದು ಬಂದವನಿಗೆ ಸಂಗೀತಶಾಸ್ತ್ರದ ಕಟ್ಟಳೆಗಳನ್ನು ಹೇರುವುದು ಅನ್ಯಾಯವೆಂಬುದು ನಿಜ. ಆದರೆ ಅದೇ ಮಾತು ಮಂಡಳಿಯ ಬಾಗಿಲಿಗೆ ಹಾಕಿದ ಅಗುಳಿಯೂ ಆಗಬಲ್ಲದು. ಹೊರಗಿನವರ ಟೀಕೆ ಒಳಗೆ ಬಾರದಂತೆ ತಡೆಯುವ ಈ ಅಗುಳಿ ಒಳಗಿನವರ ಕಿವಿಯನ್ನೂ ಮೆಲ್ಲಮೆಲ್ಲನೆ ಮುಚ್ಚುತ್ತದೆ. ಬೀದರ ನಗರ, ಭಾಲ್ಕಿ, ಔರಾದಗಳ ಮಂಡಳಿಗಳಿಗೆ ಈ ಪ್ರಶ್ನೆ ಏಕೆ ಗಂಭೀರವಾದುದು ಎಂಬುದನ್ನು ತಿಳಿಯಲು ಈ ಹಾಡುಗಳು ಇಲ್ಲಿ ಏನನ್ನು ಹೊತ್ತು ತಂದಿವೆ ಎಂಬುದನ್ನು ಮೊದಲು ನೆನೆಯಬೇಕು.

ಬೀದರ ಜಿಲ್ಲೆಯು 1948ರ ಸಪ್ಟೆಂಬರದವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರ ನವೆಂಬರ 1ರಂದು ಅಂದಿನ ಮೈಸೂರು ರಾಜ್ಯದಲ್ಲಿ ಸೇರಿತು. ಆಡಳಿತದ ಭಾಷೆಯೂ ವಿದ್ಯಾಭ್ಯಾಸದ ಭಾಷೆಯೂ ಉರ್ದುವಾಗಿದ್ದ ಆ ಕಾಲದಲ್ಲಿ ಭಾಲ್ಕಿ ಹಿರೇಮಠದ ಪೂಜ್ಯ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದ ಸಂಗತಿ ಈ ಭಾಗದ ಮನೆಮನೆಯ ಮಾತು. 1999ರಲ್ಲಿ ಲಿಂಗೈಕ್ಯರಾದ ಪೂಜ್ಯರ ಆ ಸೇವೆಯನ್ನು ಶಿಕ್ಷಣದ ಇತಿಹಾಸ ದಾಖಲಿಸಿದೆ. ಆದರೆ ಶಾಲೆಯ ಮೆಟ್ಟಿಲನ್ನೇ ಹತ್ತದ ಬಹುಸಂಖ್ಯೆಯ ಜನರ ಬಾಯಲ್ಲಿ ಕನ್ನಡದ ಎತ್ತರದ ವಿಚಾರಗಳನ್ನು ಉಳಿಸಿದ್ದು ಯಾವುದು ಎಂದು ಕೇಳಿದರೆ ತತ್ವಪದಗಳನ್ನೂ ಭಜನೆಯನ್ನೂ ಹೆಸರಿಸಲೇಬೇಕು. ಕಡಕೋಳ ಮಡಿವಾಳಪ್ಪನವರ ಪದಗಳೂ ಅವರ ದಾರಿಯಲ್ಲಿ ನಡೆದವರ ಪದಗಳೂ ಅಚ್ಚಾಗುವುದಕ್ಕೆ ಎಷ್ಟೋ ಮುಂಚೆ ಬಾಯಿಂದ ಬಾಯಿಗೆ ಬಂದವು. ಬೀಸುವ ಕಲ್ಲಿನ ಹಾಡು, ಸೋಬಾನೆ, ಹೆಣ್ಣುಮಕ್ಕಳು ಸುತ್ತುಗಟ್ಟಿ ಹಾಡುವ ಪದಗಳು, ಮೊಹರಮ್ಮಿನ ಪದಗಳು, ಗೀಗೀ, ಲಾವಣಿ ಎಲ್ಲದರ ಗತಿಯೂ ಇದೇ.

ಇದರ ಅರ್ಥವೇನು? ಪುಸ್ತಕವಿಲ್ಲದ ಹಾಡಿಗೆ ಹಾಡುವವನ ಬಾಯಿಯೇ ಪುಸ್ತಕ. ಮುಂದಿನವರು ಒಂದು ನುಡಿಯನ್ನು ಮರೆತು ಮುಂದಕ್ಕೆ ಹೋದಾಗ ಹಿಂದಿನವರು ಸುಮ್ಮನಿದ್ದರೆ ಆ ರಾತ್ರಿಗೆ ಏನೂ ಆಗುವುದಿಲ್ಲ. ಹತ್ತು ವರ್ಷ ಹಾಗೆಯೇ ಸುಮ್ಮನಿದ್ದರೆ ಆ ನುಡಿ ಊರಿನಿಂದಲೇ ಹೊರಟುಹೋಗುತ್ತದೆ. ಒಂದು ಶಬ್ದ ತಪ್ಪಿ ಇನ್ನೊಂದು ಶಬ್ದವಾದರೆ, ಕೇಳಿ ಕಲಿಯುವ ಹುಡುಗನಿಗೆ ಆ ಇನ್ನೊಂದೇ ಮೂಲ. ಆದ್ದರಿಂದ ಮಂಡಳಿಯಲ್ಲಿ ತಪ್ಪನ್ನು ತಪ್ಪೆಂದು ಹೇಳುವುದು ಹಾಡಿನ ಅಂದಚೆಂದದ ವಿಷಯ ಮಾತ್ರವಲ್ಲ. ಪುಟ ಹರಿಯದಂತೆ ನೋಡಿಕೊಳ್ಳುವ ಕೆಲಸ.

ಇದನ್ನು ಹೇಳಿದಾಗ ಭಕ್ತರಾದ ಗಾಯಕರು ಬಸವಣ್ಣನವರನ್ನೇ ಸಾಕ್ಷಿಗೆ ಕರೆಯುವುದುಂಟು. ತಾನು ತಾಳವನ್ನಾಗಲಿ ಲೆಕ್ಕವನ್ನಾಗಲಿ ಅರಿತವನಲ್ಲ, ಒಲಿದಂತೆ ಹಾಡುವವನು ಎಂಬ ಅರ್ಥದ ಅವರ ವಚನವೊಂದು ಪ್ರಸಿದ್ಧವಾಗಿದೆ. ಆ ವಚನವನ್ನು ಬೇಸುರ ಹಾಡುವವರ ಪರವಾನಗಿ ಪತ್ರವೆಂದು ತಿಳಿದರೆ ಎರಡು ಸಂಗತಿಗಳನ್ನು ಮರೆತಂತಾಗುತ್ತದೆ. ಮೊದಲನೆಯದಾಗಿ, ಅದು ಒಬ್ಬ ಭಕ್ತ ತನ್ನ ದೇವರೊಡನೆ ಆಡಿದ ಮಾತು. ಹನ್ನೆರಡು ಜನ ಒಟ್ಟಿಗೆ ಕುಳಿತು, ಧ್ವನಿವರ್ಧಕದ ಮುಂದೆ, ಊರಿಗೆ ಊರೇ ಕೇಳುವಂತೆ ಹಾಡುವಾಗಿನ ಮಾತಲ್ಲ. ಒಬ್ಬನೇ ಇರುವಲ್ಲಿ ತಾಳ ತಪ್ಪಿದರೆ ಯಾರ ಕಾಲಿಗೂ ತೊಡರಲಾರದು. ಹನ್ನೆರಡು ಜನರಲ್ಲಿ ಒಬ್ಬನ ತಾಳ ತಪ್ಪಿದರೆ ಹನ್ನೊಂದು ಜನರು ಎಡವುತ್ತಾರೆ. ಎರಡನೆಯದಾಗಿ, ಅದೇ ಬಸವಣ್ಣನವರು ಇನ್ನೊಂದು ವಚನದಲ್ಲಿ ತಮ್ಮ ದೇಹವನ್ನೇ ವೀಣೆಯಾಗಿ ಮಾಡಿಕೊಳ್ಳೆಂದು ಬೇಡುವಾಗ ದಂಡಿಗೆ, ಸೋರೆ, ತಂತಿ, ನುಡಿಸುವ ಕಡ್ಡಿ ಎಂದು ವಾದ್ಯದ ಒಂದೊಂದು ಅಂಗವನ್ನೂ ಹೆಸರಿಡಿದು ಹೇಳುತ್ತಾರೆ, ರಾಗಗಳ ಎಣಿಕೆಯನ್ನೂ ಮರೆಯುವುದಿಲ್ಲ. ಏನೂ ಅರಿಯೆನೆಂದವರು ಎಷ್ಟು ಅರಿತಿದ್ದರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕೆ? ಅರಿತವರ ವಿನಯವನ್ನು ಅರಿಯದವರು ಹೊದಿಕೆಯಾಗಿ ಹೊದ್ದುಕೊಳ್ಳುವುದು ಸರಿಯಲ್ಲ. ಇನ್ನು ಹೊಗಳಿಕೆಯ ವಿಷಯಕ್ಕೆ ಬಂದರೆ, ತನ್ನವರ ಹೊಗಳಿಕೆಯನ್ನು ಬಂಗಾರದ ಶೂಲಕ್ಕೆ ಹೋಲಿಸಿದವರೂ ಅವರೇ.

ಹಾಗಾದರೆ ಹವ್ಯಾಸಿ ಮಂಡಳಿಯಿಂದ ಅಪೇಕ್ಷಿಸಬಹುದಾದ ಮಟ್ಟ ಯಾವುದು? ಗಾಂಧರ್ವ ಮಹಾವಿದ್ಯಾಲಯ ಮಂಡಲದ ಪರೀಕ್ಷೆಗಳ ಪಠ್ಯಕ್ರಮ ಇಲ್ಲಿಗೆ ಹೊಂದುವುದಿಲ್ಲ. ರಾಗದ ಆರೋಹ ಅವರೋಹ ಹೇಳಲು ಬಾರದವನೂ ಉತ್ತಮ ಭಜನೆ ಹಾಡಬಲ್ಲ. ಆದರೆ ಯಾವ ಕಟ್ಟೆಯ ಮೇಲೆ ಕುಳಿತರೂ ಕೇಳುವವರಿಗೆ ಗೊತ್ತಾಗುವ ಕೆಲವು ಸಂಗತಿಗಳಿವೆ. ಅವುಗಳಲ್ಲಿ ಶ್ರುತಿಯೇ ಮೊದಲು. ಹೆಚ್ಚಿನ ಮಂಡಳಿಗಳಲ್ಲಿ ಶ್ರುತಿಯನ್ನು ಗೊತ್ತುಮಾಡುವವರು ಪೇಟಿಯವರು ಅಥವಾ ಮುಂದಿನ ಗಾಯಕರು, ಅದೂ ತಮ್ಮ ಕಂಠಕ್ಕೆ ಅನುಕೂಲವಾಗಿ. ಗಂಡಸರ ಕಂಠಕ್ಕೆ ಸಾಮಾನ್ಯವಾಗಿ ಕಪ್ಪು ಒಂದು, ಕಪ್ಪು ಎರಡು ಹೊಂದುತ್ತವೆ. ಹೆಣ್ಣುಮಕ್ಕಳಿಗೆ ಕಪ್ಪು ನಾಲ್ಕು ಅಥವಾ ಐದು. ಮಂಡಳಿಯಲ್ಲಿ ಇಬ್ಬರೂ ಇದ್ದು ಶ್ರುತಿ ಒಂದೇ ಆದರೆ ಒಂದು ಪಂಗಡದವರು ಕಿರುಚಬೇಕಾಗುತ್ತದೆ, ಇಲ್ಲವೆ ಗೊಣಗಬೇಕಾಗುತ್ತದೆ. ‘ಅವ್ವಗೋಳ ಧ್ವನಿ ಏಳಂಗಿಲ್ಲ’ ಎಂದು ದೂರುವ ಮುಂದಾಳುಗಳು ಪೇಟಿಯ ಮನೆಯನ್ನು ಒಮ್ಮೆ ಬದಲಿಸಿ ನೋಡಿದ್ದರೆ ಆ ದೂರಿಗೆ ಅವಕಾಶವೇ ಇರುತ್ತಿರಲಿಲ್ಲ. ಕೆಲವು ಪದಗಳನ್ನು ಹೆಣ್ಣುಮಕ್ಕಳೇ ಅವರ ಶ್ರುತಿಯಲ್ಲಿ ಎತ್ತಿಕೊಡುವಂತೆ ಪಾಳಿ ಮಾಡಿಕೊಳ್ಳುವುದು ಖರ್ಚಿಲ್ಲದ ಪರಿಹಾರ.

ಎರಡನೆಯ ಸಂಗತಿ ಲಯ. ಭಜನೆ ನಿಧಾನವಾಗಿ ಆರಂಭವಾಗಿ ಕೊನೆಗೆ ಏರುವುದು ಅದರ ಸ್ವಭಾವ. ಆ ಏರಿನಲ್ಲಿಯೇ ಅದರ ಉಲ್ಲಾಸವಿದೆ. ಆದರೆ ಬೇಕೆಂದು ಏರಿಸುವುದು ಬೇರೆ, ತಿಳಿಯದೆ ಜಾರುವುದು ಬೇರೆ. ಏರಿಸುವಾಗ ತಬಲಾದವರೂ ತಾಳದವರೂ ಒಬ್ಬರ ಮುಖವನ್ನೊಬ್ಬರು ನೋಡಿ ಒಟ್ಟಿಗೆ ಏರುತ್ತಾರೆ. ಜಾರುವಾಗ ಪ್ರತಿಯೊಬ್ಬರೂ ತಾವು ಸರಿಯಾಗಿದ್ದು ಉಳಿದವರು ಹಿಂದೆ ಬಿದ್ದರೆಂದು ತಿಳಿದಿರುತ್ತಾರೆ. ಪದದ ಆರಂಭದಲ್ಲಿಯೂ ಎರಡನೆಯ ನುಡಿಯ ಕೊನೆಯಲ್ಲಿಯೂ ಕೈತಾಳ ಎಣಿಸಿದರೆ ವ್ಯತ್ಯಾಸ ತಾನಾಗಿ ಹೊರಬೀಳುತ್ತದೆ. ಎಂಟು ಮಾತ್ರೆಯ ಭಜನೀ ಠೇಕಾದಲ್ಲಿ ಪಲ್ಲವಿಗೆ ತಿರುಗಿ ಬರುವ ಜಾಗವೇ ಬಹುತೇಕ ಗಾಯಕರು ಎಡವುವ ಜಾಗ. ಒಂದು ಮಾತ್ರೆ ಮೊದಲು ಬಂದರೆ ಹಿಂದಿನವರು ಅರ್ಧ ಜನ ಅವರೊಡನೆ ಹೊರಡುತ್ತಾರೆ, ಇನ್ನರ್ಧ ಜನ ತಬಲಾದೊಡನೆ ಉಳಿಯುತ್ತಾರೆ.

ಸಾಹಿತ್ಯದ ತಪ್ಪುಗಳು ಇವೆರಡಕ್ಕಿಂತ ಗಂಭೀರವಾದವು. ವಚನವು ಹಾಡಿಗೆಂದು ಛಂದಸ್ಸಿನಲ್ಲಿ ಕಟ್ಟಿದ್ದಲ್ಲ. ಅದನ್ನು ತಾಳಕ್ಕೆ ಕೂಡಿಸುವಾಗ ಎಲ್ಲಿ ಉಸಿರು ತೆಗೆದುಕೊಳ್ಳಬೇಕೆಂಬುದೇ ಅರ್ಥದ ಪ್ರಶ್ನೆ. ತಾಳದ ಅನುಕೂಲಕ್ಕೆ ವಾಕ್ಯವನ್ನು ನಡುವೆ ಕತ್ತರಿಸಿದರೆ, ಅಲ್ಲವೆಂದು ಹೇಳಿದ ವಚನ ಹೌದೆಂದು ಕೇಳಿಸುವ ಅಪಾಯವಿದೆ. ಒಬ್ಬ ಶರಣರ ವಚನಕ್ಕೆ ಮತ್ತೊಬ್ಬರ ಅಂಕಿತ ಹಾಕಿ ಹಾಡುವುದು, ಅಂಕಿತವನ್ನು ತುಂಡರಿಸಿ ನಾಲ್ಕು ಸಲ ಎಳೆಯುವುದು, ಸಿನಿಮಾ ಧಾಟಿಗೆ ಕೂಡುವುದಿಲ್ಲವೆಂದು ಒಂದು ಶಬ್ದವನ್ನೇ ಬಿಟ್ಟುಬಿಡುವುದು ಇವೆಲ್ಲ ಕೇಳುಗರ ಕಿವಿಗೆ ಬೀಳುತ್ತಲೇ ಇವೆ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು, ಸಿದ್ಧರಾಮ ಜಂಬಲದಿನ್ನಿ ಮೊದಲಾದ ಹಿರಿಯರ ವಚನ ಗಾಯನವನ್ನು ಕೇಳಿದವರು ಒಂದು ಅಂಶವನ್ನು ಗಮನಿಸಿರುತ್ತಾರೆ: ಸ್ವರ ಎಷ್ಟೇ ವಿಸ್ತಾರಕ್ಕೆ ಹೋದರೂ ಮಾತು ಕಳೆದುಹೋಗುವುದಿಲ್ಲ. ಅವರ ತಾನುಗಳನ್ನು ಮಂಡಳಿಯವರು ಅನುಸರಿಸಬೇಕಿಲ್ಲ, ಅನುಸರಿಸಬಾರದೆಂದೇ ಹೇಳಬೇಕು. ಅನುಸರಿಸಬೇಕಾದದ್ದು ಮಾತಿನ ಮೇಲಿನ ಆ ಗೌರವವನ್ನು.

ತಪ್ಪುಗಳ ಪಟ್ಟಿ ಮಾಡುವವರು ತಪ್ಪಲ್ಲದ್ದನ್ನು ತಪ್ಪೆಂದು ಬರೆಯುವ ಅಪಾಯವನ್ನೂ ಅರಿತಿರಬೇಕು. ಔರಾದ ತಾಲ್ಲೂಕು ಮಹಾರಾಷ್ಟ್ರ, ತೆಲಂಗಾಣ ಎರಡಕ್ಕೂ ಹೊಂದಿದ ಗಡಿ. ಭಾಲ್ಕಿಯ ಆಚೆ ಲಾತೂರು ಜಿಲ್ಲೆ. ಇಲ್ಲಿಯ ಹಾಡುಗಳಲ್ಲಿ ಮರಾಠಿ, ದಖನಿ, ತೆಲುಗು ಶಬ್ದಗಳು ಕನ್ನಡದೊಡನೆ ಬೆರೆತು ಬರುವುದು ಕಲಬೆರಕೆಯಲ್ಲ, ಈ ನೆಲದ ನಡೆ. ಹುಮನಾಬಾದ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು ಕಳೆದ ಶತಮಾನದ ಹಿಂದಿನ ಶತಮಾನದಲ್ಲಿಯೇ ಒಂದಕ್ಕಿಂತ ಹೆಚ್ಚು ಭಾಷೆಗಳಲ್ಲಿ ಪದ ರಚಿಸಿದವರು. ‘ಅದ’, ‘ಹಂಗ’, ‘ಬರ್ತದ’ ಎಂಬ ರೂಪಗಳನ್ನು ಸ್ಪರ್ಧೆಯ ವೇದಿಕೆಯಲ್ಲಿ ಉಚ್ಚಾರದೋಷವೆಂದು ಅಂಕ ಕಳೆಯುವ ತೀರ್ಪುಗಾರರು ಭಾಷೆಯನ್ನು ತಿದ್ದುತ್ತಿಲ್ಲ, ಪದವನ್ನು ಕೆಡಿಸುತ್ತಿದ್ದಾರೆ. ಅದೇ ರೀತಿ, ಏಕತಾರಿಯೊಡನೆ ಬೆಳೆದ ಹಿರಿಯ ಗಾಯಕರ ಗಾಂಧಾರ ಪೇಟಿಯ ಗಾಂಧಾರಕ್ಕಿಂತ ತುಸು ಇಳಿದಂತೆ ಕೇಳಿಸಿದರೆ ದೋಷ ಗಾಯಕರದೆಂದು ಅವಸರದಿಂದ ನಿರ್ಣಯಿಸಬಾರದು. ಸಮಪಾಲಾಗಿ ಶ್ರುತಿ ಮಾಡಿದ ಪೇಟಿಯ ಗಾಂಧಾರವೇ ತಂತಿಯ ಶುದ್ಧ ಗಾಂಧಾರಕ್ಕಿಂತ ಸ್ವಲ್ಪ ಏರಿರುತ್ತದೆ.

ಪೇಟಿಯ ಮಾತು ಬಂದುದರಿಂದ ಇನ್ನೊಂದು ವಿಷಯ. ಇಂದು ಯಾವ ಭಜನಾ ಮಂಡಳಿಯೂ ಬಿಟ್ಟಿರಲಾರದ ಈ ವಾದ್ಯಕ್ಕೆ 1940ರಿಂದ 1971ರವರೆಗೆ ಆಕಾಶವಾಣಿಯಲ್ಲಿ ಪ್ರವೇಶವಿರಲಿಲ್ಲ. ಸ್ವರದಿಂದ ಸ್ವರಕ್ಕೆ ಜಾರುವ ಮೀಂಡವನ್ನು ಅದು ನುಡಿಸಲಾರದು, ನಮ್ಮ ಶ್ರುತಿಗಳು ಅದರಲ್ಲಿ ಹೊರಡವು ಎಂಬುದು ಆಕ್ಷೇಪಣೆಯಾಗಿತ್ತು. ಆಕ್ಷೇಪಣೆಯಲ್ಲಿ ಸತ್ಯಾಂಶವಿತ್ತು, ಆದರೂ ಹಳ್ಳಿಯ ಭಜನೆ ಪೇಟಿಯನ್ನು ಬಿಡಲಿಲ್ಲ, ಕಡೆಗೆ ಆಕಾಶವಾಣಿಯೂ ತನ್ನ ಬಾಗಿಲು ತೆರೆಯಿತು. ಮೂವತ್ತು ವರ್ಷ ಕಟ್ಟುನಿಟ್ಟಾಗಿ ನಡೆದ ನಿಯಮವೂ ಬದಲಾಗಬಲ್ಲದೆಂಬ ಎಚ್ಚರ ಮಟ್ಟವನ್ನು ಗೊತ್ತುಮಾಡುವವರಿಗೆ ಇರಬೇಕು.

ಕಲಬುರಗಿಯ ಆಕಾಶವಾಣಿ ಕೇಂದ್ರ 1966ರಲ್ಲಿ ಆರಂಭವಾದ ಮೇಲೆ ಬೀದರ ಕಡೆಯ ಗಾಯಕರಿಗೆ ಧ್ವನಿಪರೀಕ್ಷೆಯೆಂಬ ಹೊಸ ಅನುಭವ ಹತ್ತಿರವಾಯಿತು. ಬಿ, ಬಿ-ಹೈ, ಎ, ಟಾಪ್ ಎಂಬ ದರ್ಜೆಗಳ ಈ ವ್ಯವಸ್ಥೆಯನ್ನು 1952ರಲ್ಲಿ ಅಂದಿನ ಸಚಿವ ಬಿ. ವಿ. ಕೇಸ್ಕರ ಅವರ ಕಾಲದಲ್ಲಿ ಬಿಗಿಗೊಳಿಸಿದಾಗ ದೊಡ್ಡ ದೊಡ್ಡ ಉಸ್ತಾದರೇ ಪ್ರತಿಭಟಿಸಿದ್ದರು. ಹೆಸರು ಮನೆತನಗಳನ್ನು ನೋಡದೆ ಧ್ವನಿಯನ್ನಷ್ಟೇ ಕೇಳುವುದು ಇಂತಹ ಪರೀಕ್ಷೆಯ ಆದರ್ಶ. ಊರಿನಲ್ಲಿ ಯಾವ ಗಾಯಕನಿಗೂ ಅಂತಹ ಕಿವಿ ದೊರೆಯುವುದಿಲ್ಲ. ಅಲ್ಲಿ ಕೇಳುವವರು ಗೌಡರ ಮಗನನ್ನು ಕೇಳುತ್ತಾರೆ, ಮಾಸ್ತರರನ್ನು ಕೇಳುತ್ತಾರೆ, ಸೊಸೆಯನ್ನು ಕೇಳುತ್ತಾರೆ. ಆದರೆ ದರ್ಜೆ ಹೇಳುವುದಷ್ಟೇ ಪರೀಕ್ಷೆಯ ಕೆಲಸ, ಪಾಠ ಹೇಳುವುದಲ್ಲ. ಇಪ್ಪತ್ತು ವರ್ಷ ಕಟ್ಟೆಯ ಮೇಲೆ ‘ಶಹಬ್ಬಾಸ್’ ಎಂಬುದೊಂದನ್ನೇ ಕೇಳಿದವನು ಆಯ್ಕೆಯಾಗಲಿಲ್ಲವೆಂಬ ಒಂದು ಸಾಲಿನ ಪತ್ರವನ್ನು ಹಿಡಿದಾಗ ಅವನಿಗಾಗುವ ಆಘಾತ ಆ ಪತ್ರದಿಂದ ಆದುದಲ್ಲ. ಇಪ್ಪತ್ತು ವರ್ಷದ ಶಹಬ್ಬಾಸಿನಿಂದ ಆದುದು.

ಮಕ್ಕಳ ವಿಷಯದಲ್ಲಿ ಈ ಆಘಾತ ಬೇಗ ಬರುತ್ತದೆ. ಪ್ರತಿಭಾ ಕಾರಂಜಿಯ ಜಾನಪದ ಗೀತೆಯ ಸ್ಪರ್ಧೆಯಲ್ಲಿ ಔರಾದಿನ ಒಂದು ಕ್ಲಸ್ಟರಿನಲ್ಲಿ ಮೊದಲು ಬಂದ ಮಗು ತಾಲ್ಲೂಕಿಗೆ ಬಂದು, ಅಲ್ಲಿಂದ ಬೀದರಿನ ಜಿಲ್ಲಾ ಮಟ್ಟಕ್ಕೆ ಬರುತ್ತದೆ. ಅಲ್ಲಿ ಸೋತು ಬಸ್ಸು ಹತ್ತುತ್ತದೆ. ಏಕೆ ಸೋತೆನೆಂದು ಆ ಮಗುವಿಗೆ ಹೇಳುವವರಿಲ್ಲ. ತೀರ್ಪುಗಾರರ ಹಾಳೆಯಲ್ಲಿ ಅಂಕಗಳಿವೆ, ಕಾರಣಗಳಿಲ್ಲ. ಜೊತೆಗೆ ಹೋದ ಶಿಕ್ಷಕರು ಸಮಾಧಾನಕ್ಕೆಂದು ‘ಪಕ್ಷಪಾತ ಆಯ್ತು ಬಿಡವ್ವಾ’ ಎನ್ನುತ್ತಾರೆ. ಅದು ಪ್ರೀತಿಯಿಂದ ಆಡಿದ ಮಾತೇ. ಆದರೆ ಶ್ರುತಿ ಬಿಟ್ಟು ಹಾಡಿದ್ದೆನೆಂದು ತಿಳಿದರೆ ಮಗು ಮುಂದಿನ ವರ್ಷ ತಿದ್ದಿಕೊಂಡೀತು; ಪಕ್ಷಪಾತವೆಂದು ತಿಳಿದರೆ ಏನನ್ನು ತಿದ್ದಿಕೊಳ್ಳಬೇಕು?

ಇದಕ್ಕೆ ಬೇರೆ ದಾರಿ ಕಂಡುಕೊಂಡ ನಾಡುಗಳಿವೆ. ಬ್ರಿಟನ್ನಿನ ಭಾಗವಾದ ವೇಲ್ಸ್ ದೇಶದಲ್ಲಿ ‘ಐಸ್ಟೆಡ್‌ವೊಡ್’ ಎಂಬ ಕವಿಗಾಯಕರ ಉತ್ಸವವಿದೆ. ಅದರ ರಾಷ್ಟ್ರಮಟ್ಟದ ಆಧುನಿಕ ಪರಂಪರೆ 1861ರಿಂದ ಎಣಿಸಲ್ಪಡುತ್ತದೆ. ಇಂಗ್ಲಿಷಿನ ಒತ್ತಡದ ನಡುವೆ ವೇಲ್ಸ್ ಭಾಷೆಯನ್ನು ಉಳಿಸುವಲ್ಲಿ ಅದರ ಪಾತ್ರ ದೊಡ್ಡದು. ಕಲ್ಲಿದ್ದಲ ಗಣಿಯಲ್ಲಿ ದುಡಿದವರ ಮೇಳಗಳೂ ಅಲ್ಲಿ ಹಾಡುತ್ತ ಬಂದಿವೆ. ಬಹುಮಾನ ಪ್ರಕಟಿಸುವ ಮುಂಚೆ ತೀರ್ಪುಗಾರರು ವೇದಿಕೆಗೆ ಬಂದು, ಯಾರು ಎಲ್ಲಿ ಚೆನ್ನಾಗಿ ಹಾಡಿದರು, ಎಲ್ಲಿ ಎಡವಿದರು ಎಂಬುದನ್ನು ಸಭೆಗೆ ವಿವರಿಸುವುದು ಆ ಉತ್ಸವದ ವೈಶಿಷ್ಟ್ಯ. ಸಭಿಕರು ಹಾಡನ್ನು ಕೇಳಿದಷ್ಟೇ ಆಸಕ್ತಿಯಿಂದ ತೀರ್ಪನ್ನೂ ಕೇಳುತ್ತಾರೆ. ತೀರ್ಪು ಸರಿಯೇ ಎಂದು ತಾವೂ ತೂಗುತ್ತಾರೆ. ಗಡಿನಾಡಿನ ಕನ್ನಡಿಗರಿಗೆ ಆ ಜನರ ಸ್ಥಿತಿ ಅಪರಿಚಿತವಾದುದಲ್ಲ.

ಆದರೆ ವಿಮರ್ಶೆ ತಾನೇ ತಾನಾಗಿ ಒಳಿತನ್ನು ಮಾಡುತ್ತದೆಂಬ ಭ್ರಮೆಯೂ ಬೇಡ. ಇಂಗ್ಲೆಂಡಿನಲ್ಲಿ 1950ರ ದಶಕದಿಂದ ಜನಪದ ಗೀತೆಗಳ ಹವ್ಯಾಸಿ ಕೂಟಗಳು ಊರೂರಿಗೆ ಹಬ್ಬಿದವು. ಅಲ್ಲಿಯೂ ‘ಜಾನಪದಕ್ಕೆ ಇಷ್ಟು ಶ್ರುತಿ ಸಾಕು’ ಎಂಬ ನಗೆಮಾತು ಹುಟ್ಟಿಕೊಂಡಿತು. ನಮ್ಮ ಕಟ್ಟೆಯ ಮಾತು ಸಮುದ್ರ ದಾಟಿ ಹೋದಂತೆ ತೋರುತ್ತದೆ. ಈ ಸಡಿಲತನವನ್ನು ಸಹಿಸದ ಹಾಡುಗಾರ ಯೂವನ್ ಮೆಕಾಲ್ ಹಾಗೂ ಅವರ ಸಂಗಾತಿ ಪೆಗಿ ಸೀಗರ್ 1964ರ ಸುಮಾರಿಗೆ ಲಂಡನ್ನಿನಲ್ಲಿ ತರುಣ ಗಾಯಕರ ಒಂದು ಗುಂಪು ಕಟ್ಟಿದರು. ಅದಕ್ಕೆ ಬಿದ್ದ ಹೆಸರೇ ‘ಕ್ರಿಟಿಕ್ಸ್ ಗ್ರೂಪ್’, ಅಂದರೆ ವಿಮರ್ಶಕರ ಬಳಗ. ಒಬ್ಬರು ಹಾಡಿದ ಮೇಲೆ ಉಳಿದವರು ಆ ಹಾಡನ್ನು ಬಿಡಿಸಿ ಬಿಡಿಸಿ ಪರೀಕ್ಷಿಸುವುದು ಅಲ್ಲಿಯ ಕ್ರಮ. ಆ ಬಳಗದಿಂದ ಸಮರ್ಥ ಗಾಯಕರು ಹೊರಬಂದರು. ಆದರೆ 1970ರ ದಶಕದ ಆರಂಭದಲ್ಲಿ ಅದು ಕಹಿಯಾಗಿಯೇ ಒಡೆಯಿತು. ಗುರುವಿನ ಸ್ಥಾನದಲ್ಲಿದ್ದವರು ಎಲ್ಲರನ್ನೂ ತಿದ್ದಬಹುದು, ಅವರನ್ನು ತಿದ್ದುವವರು ಯಾರೂ ಇಲ್ಲ ಎಂಬಂತಾದರೆ ಯಾವ ಬಳಗವಾದರೂ ಬಹುಕಾಲ ಉಳಿಯುವುದು ಕಷ್ಟ.

ಈ ತೊಡಕಿಗೆ ಶರಣರ ನೆನಪಿನಲ್ಲಿಯೇ ಒಂದು ಉತ್ತರವಿದೆ. ಅನುಭವ ಮಂಟಪದಲ್ಲಿ ಪ್ರಶ್ನೆಗೆ ಹೊರತಾದವರಿರಲಿಲ್ಲವೆಂಬುದನ್ನು ಶೂನ್ಯಸಂಪಾದನೆ ಓದಿದವರು ಬಲ್ಲರು. ಅಲ್ಲಮಪ್ರಭುಗಳು ಅಕ್ಕಮಹಾದೇವಿಯನ್ನು ಪ್ರಶ್ನಿಸಿದರು, ಆಕೆ ಅಷ್ಟೇ ದಿಟ್ಟತನದಿಂದ ಉತ್ತರಿಸಿದರು. ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರುವಂತೆ ಹೇಳಿದವರು ಅವರ ಪತ್ನಿ ಲಕ್ಕಮ್ಮ. ಇಲ್ಲಿ ಗಮನಿಸಬೇಕಾದುದು ಆಕೆ ಗಂಡನ ಭಕ್ತಿಯನ್ನು ಶಂಕಿಸಲಿಲ್ಲ, ಅವನ ಹಿಂದಿನ ದಿನಗಳನ್ನು ಕೆದಕಲಿಲ್ಲ; ಆ ದಿನದ ಆ ಅಕ್ಕಿಯನ್ನು ಕುರಿತು ಮಾತ್ರ ಆಡಿದಳು. ಮಾರಯ್ಯನೂ ಹೆಂಡತಿ ಹೇಳಿದಳೆಂದು ಮುಖ ಗಂಟಿಕ್ಕಲಿಲ್ಲ. ಮಂಡಳಿಗಳಲ್ಲಿ ಇಂದು ಇದಕ್ಕೆ ತದ್ವಿರುದ್ಧವಾದುದೇ ಹೆಚ್ಚು: ಎದುರಿಗೆ ಮೌನ, ಚಹಾದಂಗಡಿಯಲ್ಲಿ ವಿಮರ್ಶೆ.

ಮಂಡಳಿಯ ಬದುಕಿನಲ್ಲಿ ಮೂರು ಜಾಗಗಳನ್ನು ಬೇರೆಬೇರೆಯಾಗಿ ನೋಡಿದರೆ ಅರ್ಧ ಗೊಂದಲ ತೀರುತ್ತದೆ. ಗುಡಿ ಒಂದು, ತಾಲೀಮು ಇನ್ನೊಂದು, ವೇದಿಕೆ ಮತ್ತೊಂದು. ಗುಡಿಯಲ್ಲಿ, ಅಮಾವಾಸ್ಯೆಯ ರಾತ್ರಿ, ಯಾರು ಹೇಗೆ ಹಾಡಿದರೂ ಅದು ಅರ್ಪಣೆ. ಅಲ್ಲಿ ತಪ್ಪು ಹುಡುಕುವವನೇ ತಪ್ಪಿತಸ್ಥ. ಬಾಯಿ ಬಾರದ ಮುದುಕನಿಗೂ ಎಳೆಯ ಮಗುವಿಗೂ ಅಲ್ಲಿ ಸಮಾನ ಸ್ಥಳವಿದೆ, ಇರಲೇಬೇಕು. ವೇದಿಕೆಯಲ್ಲಿ ತೂಗುವವರು ಕೇಳುಗರು. ಅಲ್ಲಿ ತಿದ್ದಲು ಹೊತ್ತು ಮೀರಿರುತ್ತದೆ. ಉಳಿದದ್ದು ತಾಲೀಮು. ದುರದೃಷ್ಟವಶಾತ್ ಬಹಳ ಮಂಡಳಿಗಳಲ್ಲಿ ಈ ನಡುವಣ ಜಾಗವೇ ಇಲ್ಲ. ಗುಡಿಯಿಂದ ನೇರವಾಗಿ ಜಿಲ್ಲಾ ಉತ್ಸವದ ವೇದಿಕೆಗೆ ಹೋಗುತ್ತಾರೆ. ಗುಡಿಯ ಕ್ಷಮೆಯನ್ನು ಅಲ್ಲಿ ನಿರೀಕ್ಷಿಸಿ ನಿರಾಶರಾಗುತ್ತಾರೆ. ವಾರಕ್ಕೊಂದು ಗಂಟೆಯಾದರೂ ಬಾಗಿಲು ಹಾಕಿಕೊಂಡು, ನೆರೆದ ಜನರಿಲ್ಲದೆ, ಒಂದೇ ಪದವನ್ನು ನಾಲ್ಕು ಸಲ ಹಾಡಿ ನೋಡುವ ತಾಲೀಮು ಇರುವ ಮಂಡಳಿಯಲ್ಲಿ ‘ಇಷ್ಟು ಸಾಕು’ ಎಂಬ ಮಾತು ತಾನಾಗಿ ಹಿಂದೆ ಸರಿಯುತ್ತದೆ.

ಹೇಳುವ ಬಗೆಯಲ್ಲಿಯೇ ಮುಕ್ಕಾಲು ಭಾಗ ಅಡಗಿದೆ. ‘ನಿಮಗ ತಾಳಜ್ಞಾನ ಇಲ್ಲ’ ಎಂಬುದು ಬೈಗುಳ. ‘ಕಾಕಾ, ಧ್ವನಿ ಭಾಳ ಛಲೋ ಬಂತು. ಎರಡನೇ ನುಡಿ ಆದಮ್ಯಾಲ ಪಲ್ಲವಿಗೆ ಬರುವಾಗ ಒಂದು ಮಾತ್ರಿ ಮೊದಲ ಬರ್ತೀರಿ, ಇನ್ನೊಮ್ಮೆ ನೋಡೋಣೇನ್ರಿ?’ ಎಂಬುದು ತಿದ್ದುಪಡಿ. ಎರಡನೆಯದರಲ್ಲಿ ಜಾಗ ಗೊತ್ತಾಗಿದೆ, ದೋಷದ ಅಳತೆ ಗೊತ್ತಾಗಿದೆ, ಮುಂದೇನು ಮಾಡಬೇಕೆಂಬುದೂ ಗೊತ್ತಾಗಿದೆ. ಒಂದು ಸಲಕ್ಕೆ ಒಂದೇ ದೋಷ ಹೇಳುವುದು ಲೇಸು. ಐದು ಹೇಳಿದರೆ ಕೇಳುವವನು ಐದನ್ನೂ ಬಿಡುತ್ತಾನೆ, ಹಲವು ಸಲ ಮಂಡಳಿಯನ್ನೇ ಬಿಡುತ್ತಾನೆ. ಹಾಡು ಮುಗಿದ ಆ ಕ್ಷಣದಲ್ಲಿ ಹೇಳುವುದಕ್ಕಿಂತ ಮರುದಿನ ಹೇಳಿದರೆ ಹೆಚ್ಚು ಫಲವುಂಟು, ಏಕೆಂದರೆ ಹಾಡಿದವನ ಎದೆ ಆಗ ತೆರೆದಿರುತ್ತದೆ, ಸಣ್ಣ ಮಾತೂ ಆಳಕ್ಕೆ ನಾಟುತ್ತದೆ. ಕಿರಿಯರು ಹಿರಿಯರಿಗೆ ಹೇಳಬೇಕಾದಾಗ ಕೇಳುವ ರೂಪದಲ್ಲಿ ಹೇಳುವ ಹಳೆಯ ಸೌಜನ್ಯವನ್ನು ಮರೆಯಬೇಕಾಗಿಲ್ಲ: ‘ಅಣ್ಣಾ, ಇಲ್ಲಿ ನಾವು ಎಷ್ಟು ಮಾತ್ರಿ ನಿಲ್ಲಬೇಕ್ರಿ?’ ಎಂದು ಕೇಳಿದರೆ ಎಣಿಸುವ ಕೆಲಸವನ್ನು ಹಿರಿಯರೇ ಮಾಡುತ್ತಾರೆ.

ಇಲ್ಲಿ ಒಂದು ಸೂಕ್ಷ್ಮ ವಿಷಯವನ್ನು ದಾನಿಗಳ ಕ್ಷಮೆ ಕೋರಿ ಹೇಳಬೇಕಾಗಿದೆ. ಪೇಟಿ, ತಬಲಾ, ಧ್ವನಿವರ್ಧಕಗಳನ್ನು ಕೊಡಿಸಿದವರು ಮೊದಲ ಪದ ಹಾಡುವ ರೂಢಿ ಅನೇಕ ಊರುಗಳಲ್ಲಿದೆ. ಅವರ ಔದಾರ್ಯವಿಲ್ಲದೆ ಮಂಡಳಿ ನಡೆಯುವಂತಿಲ್ಲ, ಆದ್ದರಿಂದ ಅವರ ಹಾಡಿಗೆ ಟೀಕೆ ಹುಟ್ಟುವಂತಿಲ್ಲ. ಪರಿಣಾಮವಾಗಿ ಊರಿನಲ್ಲಿ ಎಲ್ಲರಿಗಿಂತ ಕಡಿಮೆ ತಿದ್ದಿಸಿಕೊಂಡ ಕಂಠ ಎಲ್ಲರಿಗಿಂತ ಹೆಚ್ಚು ಕೇಳಿಬರುತ್ತದೆ. ಇದರಿಂದ ನಷ್ಟ ಮಂಡಳಿಗೆ ಮಾತ್ರವಲ್ಲ, ಆ ದಾನಿಗಳಿಗೂ. ಉಳಿದವರಿಗೆ ದೊರೆತ ಪಾಠ ಅವರಿಗೆ ದೊರೆಯದೆ ಹೋಯಿತು. ‘ನನ್ನ ಪದದಾಗ ಎಲ್ಲಿ ತಪ್ಪಾಯ್ತು ಹೇಳ್ರಪ್ಪಾ’ ಎಂದು ದಾನಿಗಳೇ ತಾಲೀಮಿನಲ್ಲಿ ಒಮ್ಮೆ ಕೇಳಿಬಿಟ್ಟರೆ ಉಳಿದವರ ನಾಲಗೆ ಸಡಿಲವಾಗುತ್ತದೆ. ಹೊಸ ಧ್ವನಿವರ್ಧಕ ಕೊಡಿಸುವುದಕ್ಕಿಂತ ಆ ಒಂದು ಮಾತು ಮಂಡಳಿಗೆ ಹೆಚ್ಚಿನ ಉಪಕಾರ ಮಾಡೀತು. ಧ್ವನಿವರ್ಧಕಕ್ಕೆ ಅನಾವಶ್ಯಕ ಪ್ರತಿಧ್ವನಿ ಕೂಡಿಸಿ ದೋಷ ಮುಚ್ಚುವ ಅಭ್ಯಾಸ ಈಚೆಗೆ ಬೆಳೆದಿದೆ. ಅದರಿಂದ ದೋಷ ಮುಚ್ಚುವುದಕ್ಕಿಂತ ಸಾಹಿತ್ಯವೇ ಮುಚ್ಚಿಹೋಗುತ್ತದೆ.

ಹಿಂದಿನವರಿಗೆ ಇಲ್ಲದ ಒಂದು ಸಾಧನ ಇಂದು ಎಲ್ಲರ ಕಿಸೆಯಲ್ಲಿದೆ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡ ಪದವನ್ನು ಮರುದಿನ ಎಲ್ಲರೂ ಕೂಡಿ ಕೇಳಿದರೆ ಯಾರೂ ಯಾರಿಗೂ ಏನನ್ನೂ ಹೇಳಬೇಕಾಗುವುದಿಲ್ಲ. ತನ್ನ ಧ್ವನಿಯನ್ನು ಮೊದಲ ಸಲ ಕೇಳಿದವನು ಬೆಚ್ಚುವುದು ಸಹಜ. ಮೂರನೆಯ ಸಲಕ್ಕೆ ಅವನೇ ‘ಇಲ್ಲಿ ನಾ
ಇಳಿದೀನಿ’ ಎನ್ನುತ್ತಾನೆ. ಶ್ರೀಮಠಗಳ ಶಾಲೆಗಳಲ್ಲಿ ಪ್ರತಿದಿನ ಪ್ರಾರ್ಥನೆಯ ಹೊತ್ತಿಗೆ ನೂರಾರು ಮಕ್ಕಳು ವಚನ ಹಾಡುತ್ತಾರೆ. ಜೂನ್ ತಿಂಗಳಲ್ಲಿ ಒಂದು ಸಲ, ಸಂಕ್ರಾಂತಿ ಕಳೆದ ಮೇಲೆ ಒಂದು ಸಲ ಅದೇ ವಚನವನ್ನು ಮುದ್ರಿಸಿ ಮಕ್ಕಳಿಗೇ ಕೇಳಿಸಿದರೆ, ಅಂಕಗಳಿಲ್ಲದ ಈ ಪರೀಕ್ಷೆಯಲ್ಲಿ ಅವರು ತಮ್ಮನ್ನು ತಾವೇ ನಿಷ್ಠುರವಾಗಿ ಪರೀಕ್ಷಿಸಿಕೊಳ್ಳುವುದನ್ನು ಶಿಕ್ಷಕರು ಕಾಣಬಹುದು.

ಅದೇ ಮೊಬೈಲನ್ನು ಹಿಡಿದು ಮಕ್ಕಳು ಊರಿನ ಹಿರಿಯ ಪದಕಾರರ ಬಳಿಗೂ ಹೋಗಬೇಕಾಗಿದೆ. ಹಾಗೆ ಹೋದಾಗ ಹಾಡನ್ನು ಮಾತ್ರ ಮುದ್ರಿಸಿ ಏಳಬಾರದು. ಹಾಡು ನಿಂತ ಮೇಲೆ ಹಿರಿಯರು ಸುಮ್ಮನೆ ಕೂಡ್ರುವುದಿಲ್ಲ. ‘ಇಲ್ಲಿ ಇನ್ನೊಂದು ನುಡಿ ಇತ್ತಪ್ಪಾ, ನಮ್ಮ ಗುರು ಹೇಳ್ತಿದ್ದರು, ನನಗ ಮರ್ತದ’ ಎಂದೋ, ‘ಈ ಶಬ್ದ ನಾ ತಪ್ಪಂದೀನಿ, ಅದು ಹಂಗಲ್ಲ’ ಎಂದೋ ತಮ್ಮ ತಪ್ಪನ್ನು ತಾವೇ ಎತ್ತಿ ಹೇಳುವುದು ಅನೇಕ ಹಿರಿಯರ ಸ್ವಭಾವ. ಮುದ್ರಣವನ್ನು ಚೊಕ್ಕಗೊಳಿಸುವ ಉತ್ಸಾಹದಲ್ಲಿ ಆ ಮಾತುಗಳನ್ನು ಕತ್ತರಿಸಿಬಿಡುವವರಿದ್ದಾರೆ. ಅವನ್ನು ಹಾಗೆಯೇ ಇಟ್ಟುಕೊಂಡು, ಅದೇ ಪದವನ್ನು ಬಲ್ಲ ಮುಂದಿನ ಊರಿನವರಿಗೆ ಕೇಳಿಸಿದರೆ ಮರೆತ ನುಡಿ ಅಲ್ಲಿ ದೊರೆತರೂ ದೊರೆಯಬಹುದು.